ನಾನೂರು ವರ್ಷದ ಬಿರುಕು

“ಈ ಕೋಟೆಗೆ ಮುತ್ತಿಗೆ ಹಾಕಿದ್ದು ಯಾರು?” ರಷ್ಯಾದ ಡಿಸೈನರ್ ನೀನಾ ಮೇಡಂ ಗೋಡೆಯ ಬಿರುಕಿನಲ್ಲಿ ಬೆರಳಿಟ್ಟು ನನ್ನನ್ನು ಕೇಳಿದರು.

ಕೋಟೆ ಎಂದರೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಕೋಟೆಯಂತೆ ಕಟ್ಟುತ್ತಿದ್ದ ಹೊಸ ರೆಸ್ಟೋರೆಂಟು. ಪ್ಲಾಸ್ಟರ್ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಗೋಡೆ ನಾನೂರು ವರ್ಷ ಹಳೆಯದಾಗಿ ಕಾಣಬೇಕು, ಆದರೆ ಗುರುವಾರದೊಳಗೆ ಮುಗಿಯಬೇಕು ಎಂದು ಮಾಲೀಕರ ಅಪ್ಪಣೆ. ಬಿರುಕು ಬೀಳದಂತೆ ಕಟ್ಟುವುದನ್ನು ಕಾಲೇಜಿನಲ್ಲಿ ಕಲಿತಿದ್ದ ನಾನು, ಕೆಲಸಗಾರರಿಗೆ ಓವರ್‌ಟೈಮ್ ಕೊಟ್ಟು ಉಳಿಯಿಂದ ಬಿರುಕು ಕೊರೆಸಿದ್ದೆ. ಮೇಡಂ ಒಪ್ಪದಿದ್ದರೆ ಎಲ್ಲವನ್ನೂ ಕೆರೆದು ಮತ್ತೆ ಮೊದಲಿಂದ ಶುರು.

ಮೇಡಂ ಊರು ರಷ್ಯಾದ ಗಡಿಯಂಚಿನ ಪ್ಸ್ಕೋವ್. ಎರಡು ನದಿ ಕೂಡುವಲ್ಲಿ ಕಲ್ಲಿನ ಕೋಟೆ, ಒಳಗೆ ಆಕಾಶದೆತ್ತರಕ್ಕೆ ನಿಂತ ಬಿಳಿ ಚರ್ಚು. ಶತಮಾನಗಳ ಕಾಲ ಯಾವ್ಯಾವುದೋ ರಾಜರ ಸೈನ್ಯಗಳು ಬಂದು ಆ ಗೋಡೆಗೆ ತಲೆ ಚಚ್ಚಿಕೊಂಡವಂತೆ. “ನಮ್ಮಪ್ಪ ಅಲ್ಲಿನ ಬಿರುಕು ಮುಚ್ಚುತ್ತಲೇ ಮುದುಕರಾದರು” ಎಂದು ಅವರು ನಮ್ಮ ಬಿರುಕನ್ನು ಮತ್ತೆ ನೋಡಿದರು.

ಪಕ್ಕದಲ್ಲಿದ್ದ ಬಂಟ್ವಾಳದ ಫೋರ್‌ಮನ್ ಮೆಲ್ಲಗೆ ಅಂದ: “ಮುತ್ತಿಗೆ ಹಾಕಿದ್ದು ಓನರೇ ಅಂತ ಹೇಳಿ ಸಾರ್. ದಿನಾ ದಂಡು ಕಟ್ಟಿಕೊಂಡು ಬರುವುದಲ್ವಾ ಮಾರಾಯ್ರೆ!” ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಜೋರಾಗಿ ನಕ್ಕು ಗೋಡೆಯನ್ನು ಪಾಸು ಮಾಡಿದರು.

ಆ ವರ್ಷ ರಜೆಯಲ್ಲಿ ನನ್ನೂರು ಬಿಜಾಪುರಕ್ಕೆ ಹೋದಾಗ, ಚಿಕ್ಕಂದಿನಲ್ಲಿ ಸೈಕಲ್ ಒರಗಿಸುತ್ತಿದ್ದ ಕೋಟೆಗೋಡೆಯನ್ನು ಮೊದಲ ಸಲ ನಿಂತು ನೋಡಿದೆ. ಅಲ್ಲಿನ ಬಿರುಕುಗಳು ಅಷ್ಟೇನೂ ನೈಜವಾಗಿ ಬಂದಿರಲಿಲ್ಲ.