ಅಂಬಿಗ ಗಾಸ್ಟಿಯ ಮನೆಯ ಹೊಗೆ

ಹುಲ್ಲುಗಾವಲು ಇದ್ದಲ್ಲೇ ಇತ್ತು. ಜಾಗ ಬದಲಿಸಿದ್ದು ನದಿ. ರೈನ್ ನದಿ ಅಂಕುಡೊಂಕಾಗಿ ಹರಿಯುತ್ತಿದ್ದ ಕಾಲದಲ್ಲಿ ಆಲ್ಟ್‌ವೆರ್ತ್ ಊರಿನವರು ಹಸು ಹೊಡೆದುಕೊಂಡು ತಮ್ಮ ಗಾವಲಿಗೆ ನಡೆದೇ ಹೋಗುತ್ತಿದ್ದರು. ಆಮೇಲೆ ಆಚೆ ಸೀಮೆಯ ಇಂಜಿನಿಯರುಗಳು ಬಂದು, ಹೊಳೆಗೆ ಬುದ್ಧಿ ಕಲಿಸುತ್ತೇವೆಂದು ಹೊಸ ಪಾತ್ರ ತೋಡಿ ನೆಟ್ಟಗೆ ಹರಿಸಿದರು. ಊರು ಈ ದಡದಲ್ಲಿ ಉಳಿಯಿತು, ಊರಿನ ಹುಲ್ಲು ಆ ದಡಕ್ಕೆ ಬಿತ್ತು. ಹಕ್ಕೇನೂ ಹೋಗಲಿಲ್ಲ, ಗಾವಲು ಇವತ್ತಿಗೂ ನಮ್ಮೂರದೇ. ಆದರೆ ಅದು ಇರುವುದು ಜರ್ಮನಿಯಲ್ಲಿ, ಊರಿರುವುದು ಅಲ್ಸಾಸಿನಲ್ಲಿ. ಅಲ್ಸಾಸ್ ಯಾವ ದೇಶದಲ್ಲಿದೆ ಎಂದು ಮಾತ್ರ ಕೇಳಬಾರದು. ನಮ್ಮೂರ ಮುದುಕಿಯರು ಒಂದೇ ಅಡುಗೆಮನೆಯಲ್ಲಿ ಕೂತು ನಾಲ್ಕು ಸಲ ದೇಶ ಬದಲಿಸಿದವರು.

ಆರ್ಬೋಗಾಸ್ಟ್ ಶ್ಟೂಡರ್ ಹುಟ್ಟಿದ್ದು ಆ ಗಾವಲಿನಲ್ಲಿ. ಊರಿಗೆಲ್ಲ ಅವನು ಗಾಸ್ಟಿ. ಅವನ ತಾಯಿ ಅಗಾಥಾ ತುಂಬಿದ ಬಸುರಿಯಾಗಿದ್ದರೂ ಹುಲ್ಲು ಕೊಯ್ಯಲು ದೋಣಿ ಹತ್ತಿದ್ದಳು. ಮಗು ಒಂದು ವಾರ ಕಾದೀತು, ಮೋಡ ಕಟ್ಟಿದ ಮೇಲೆ ಹುಲ್ಲು ಕಾಯುವುದಿಲ್ಲ ಎನ್ನುವುದು ಅವಳ ಲೆಕ್ಕ. ಮಗು ಕಾಯಲಿಲ್ಲ. ಹುಟ್ಟಿದ ಕೂಸು ಅಳಲಿಲ್ಲ, ಮೈ ನೀಲಿಗಟ್ಟಿತ್ತು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೆ ಸ್ವರ್ಗವೂ ಇಲ್ಲ, ಚರ್ಚಿನ ಅಂಗಳದಲ್ಲಿ ಮಣ್ಣೂ ಇಲ್ಲ. ದೋಣಿ ಆಗ ಈಚೆ ದಡದಲ್ಲಿತ್ತು. ಅತ್ತೆಯೊಬ್ಬಳು ಕೂಸನ್ನು ಮಡಿಲಲ್ಲಿ ಕಟ್ಟಿಕೊಂಡು, ಗಂಟೆ ಕೇಳಿಸಿದ ಕಡೆಗೆ, ಆಚೆ ದಡದ ಓಬರ್‌ಬಾಖ್ ಊರಿಗೆ ಓಡಿದಳು. ತಣ್ಣೀರು ತಲೆಗೆ ಬಿದ್ದದ್ದೇ ಗಾಸ್ಟಿ ಕಿರುಚಿದ. ಅಲ್ಲಿನ ಪಾದ್ರಿ ಅವನ ಹೆಸರನ್ನು ಅಲ್ಲಿನ ಪುಸ್ತಕದಲ್ಲೇ ಬರೆದ.

"ಅಲ್ಲಿ ಬರೆದ್ರೇನು, ಇಲ್ಲಿ ಬರೆದ್ರೇನು," ಎಂದ ಅಪ್ಪ. "ಎರಡು ಕಡೆಗೂ ದೊರೆ ಒಬ್ನೇ."

ಅವನ ಮಾತು ಸುಳ್ಳಲ್ಲ. ಆಗ ಅಲ್ಸಾಸನ್ನು ಜರ್ಮನರು ಫ್ರೆಂಚರಿಂದ ಗೆದ್ದುಕೊಂಡು ಕೆಲವು ವರ್ಷಗಳಾಗಿದ್ದವು, ಎರಡು ದಡಕ್ಕೂ ಕೈಸರನೇ ದೊರೆ. ಹೊಳೆಯೆಂದರೆ ಬರೀ ನೀರು.

ದೊಡ್ಡವನಾದ ಮೇಲೆ ಗಾಸ್ಟಿ ಕಡವಿನ ಅಂಬಿಗನಾದ. ನಮ್ಮ ಕಡವಿನ ದೋಣಿಗೆ ಹುಟ್ಟು ಇಲ್ಲ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ಅದು ತೂಗಿಕೊಂಡಿರುತ್ತದೆ. ಚುಕ್ಕಾಣಿಯನ್ನು ಹದವಾಗಿ ಓರೆ ಹಿಡಿದರೆ ನದಿಯೇ ತಳ್ಳಿಕೊಂಡು ಹೋಗುತ್ತದೆ, ಹದ ತಪ್ಪಿದರೆ ನಡುನೀರಲ್ಲಿ ನಿಲ್ಲಿಸಿಬಿಡುತ್ತದೆ. ಹುಲ್ಲಿನ ಗಾಡಿ, ಹಸು, ಮದುವಣಗಿತ್ತಿ, ಶವಪೆಟ್ಟಿಗೆ ಎಲ್ಲವನ್ನೂ ಗಾಸ್ಟಿ ದಾಟಿಸಿದ. ಕ್ರೆಸಾನ್ಸ್ ಎಂಬ, ಬಾಯಿ ಜೋರಿನ, ಕೈ ಚುರುಕಿನ ಹುಡುಗಿಯನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಹೊಳೆಯ ಕಡೆ ಮುಖ ಮಾಡಿದ ಮನೆ, ಮುದಿ ತಾಯಿ, ಎರಡು ಹಸು, ಸಂಜೆಗೊಂದು ಲೋಟ ಬಿಳಿ ದ್ರಾಕ್ಷಾರಸ. ಇದಕ್ಕಿಂತ ಹೆಚ್ಚಿಗೆ ಅವನು ಬದುಕನ್ನು ಏನೂ ಕೇಳಿದವನಲ್ಲ. ಕೇಳದವರಿಂದಲೇ ಕಿತ್ತುಕೊಳ್ಳುವುದು ಈ ಲೋಕಕ್ಕೆ ಸುಲಭ.

ಮೊದಲ ಮಹಾಯುದ್ಧ ಮುಗಿಯಿತು, ಕೈಸರ್ ಓಡಿಹೋದ, ಫ್ರೆಂಚರು ಬಂದರು. ಊರವರು ಹಾಸಿಗೆ ಹೊದಿಕೆ ಕತ್ತರಿಸಿ ಮೂರು ಬಣ್ಣದ ಬಾವುಟ ಹೊಲಿದರು. ಎಲ್ಲರಿಗಿಂತ ದೊಡ್ಡ ಬಾವುಟ ಹಾರಿದ್ದು ಮೊರಾಂಡ್ ಸಿಫರನ ಹೋಟೆಲಿನ ಮೇಲೆ. ಹಿಂದಿನ ವಾರದವರೆಗೂ ಅವನ ಗೋಡೆಯ ಮೇಲೆ ಕೈಸರನ ಪಟವಿತ್ತು. ಗಾಳಿ ಬಂದಾಗ ತೂರಿಕೊಳ್ಳುವ ಜಾತಿ ಅವನು. ಗಾಸ್ಟಿಯ ಪಕ್ಕದ ಮನೆಯವನೇ. ಕಡವಿನ ಗುತ್ತಿಗೆಯ ಮೇಲೆ ಅವನ ಕಣ್ಣು ಬಿದ್ದು ಹತ್ತು ವರ್ಷವಾಗಿತ್ತು.

ಯಾರು ಅಸಲಿ ಅಲ್ಸಾಸಿನವರು, ಯಾರು ಆಚೆಯವರು ಎಂದು ಜರಡಿ ಹಿಡಿಯಲು ಒಂದು ಮಂಡಳಿ ಶಾಲೆಯಲ್ಲಿ ಬಂದು ಕೂತಿತು. ಫ್ರೆಂಚ್ ಅಧಿಕಾರಿಗೆ ಜರ್ಮನಿನಂತೆಯೇ ಇರುವ ನಮ್ಮ ಭಾಷೆ ಬಾರದು, ನಮಗೆ ಅವನದು ಬಾರದು. ನಡುವೆ ಮಾತು ತಿರುಗಿಸಲು ಕೂತವನು ಮೊರಾಂಡ್. ಗಾಸ್ಟಿಯ ಹೆಸರು ಕೊಟ್ಟವನೂ ಅವನೇ.

"ಎಲ್ಲಿ ಹುಟ್ಟಿದ್ದು?"

"ನಮ್ಮ ಗಾವಲಲ್ಲಿ," ಎಂದ ಗಾಸ್ಟಿ.

"ಅದು ಎಲ್ಲಿದೆ?"

"ಹೊಳೆ ಆಚೆ. ನಿಂಗೊತ್ತಿಲ್ವೇನೋ ಮೊರಾಂಡ್? ನಿಮ್ಮಪ್ಪನ ಹಸು ಮೇಯ್ತಿದ್ದಿದ್ದೂ ಅಲ್ಲೇ ಅಲ್ವಾ?"

"ನಾನಲ್ಲ ಕಣೋ ಕೇಳ್ತಿರೋದು, ಸಾಹೇಬ್ರು."

"ಹಾಗಾದ್ರೆ ಸಾಹೇಬ್ರಿಗೆ ಹೇಳು, ಹಸುಗೆ ಗೊತ್ತಿರೋ ದಾರಿ ಇದು ಅಂತ."

ಮೊರಾಂಡ್ ಅದನ್ನು ಎರಡೇ ಪದಗಳಲ್ಲಿ ಮುಗಿಸಿದ. ಏನು ಹೇಳಿದನೋ, ಅಧಿಕಾರಿಯ ಹುಬ್ಬು ಗಂಟಾಯಿತು. ಹುಟ್ಟಿದ್ದು ಜರ್ಮನಿ, ದೀಕ್ಷೆಯಾದದ್ದು ಜರ್ಮನಿ, ಜೊತೆಗೆ ಜರ್ಮನರು ಗೆದ್ದಾಗಲೆಲ್ಲ ಕುಡಿದು ಕುಣಿದನೆಂಬ ದೂರು. ಆಗ ಕುಣಿಯದವರು ಊರಲ್ಲಿ ಯಾರಿದ್ದರು? ಕುಣಿಸುತ್ತಿದ್ದವನೇ ಮೊರಾಂಡ್. ಅದನ್ನು ಹೇಳಲು ಗಾಸ್ಟಿ ಬಾಯಿ ತೆರೆದ, ಆದರೆ ಹೇಳಬೇಕಾದದ್ದೂ ಮೊರಾಂಡನ ನಾಲಿಗೆಯಿಂದಲೇ ದಾಟಬೇಕಿತ್ತು. ಒಂದು ಚೀಲ ಕಟ್ಟಿಕೊಂಡು ನಾಳೆಯೇ ಹೊಳೆ ದಾಟಬೇಕೆಂದು ತೀರ್ಪಾಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಅನ್ನುತ್ತಾರೆ. ನಮ್ಮೂರು ಒಂದು ಹೆಜ್ಜೆ ಮುಂದೆ ಹೋಗಿ ಅಂಬಿಗನನ್ನೇ ದಾಟಿಸಿಬಿಟ್ಟಿತು.

ದಾಟಿಸುವವರು ಯಾರು? ಅವನೇ! ಹೊಳೆ ತುಂಬಿತ್ತು, ಬೇರೆ ಯಾರೂ ಚುಕ್ಕಾಣಿ ಮುಟ್ಟಲು ಒಪ್ಪಲಿಲ್ಲ. ಗಾಸ್ಟಿ ತನ್ನನ್ನು ತಾನೇ ಗಡೀಪಾರು ಮಾಡಿಕೊಂಡ. ದೋಣಿಯಲ್ಲಿ ಇಬ್ಬರು ಸಿಪಾಯಿಗಳು, ಮತ್ತು ದೋಣಿಯನ್ನು ವಾಪಸು ತರಲು ಹೊಸ ಗುತ್ತಿಗೆದಾರ ಮೊರಾಂಡ್. ಆಚೆ ದಡದಲ್ಲಿ ಗಾಸ್ಟಿ ಚೀಲ ಹೊತ್ತು ಇಳಿದ. ಮೊರಾಂಡ್ ಚುಕ್ಕಾಣಿ ಹಿಡಿದ. ದೋಣಿ ಅಲುಗಿತು, ಗರಗರ ಅಂದಿತು, ಮೂತಿ ತಿರುಗಿಸಿಕೊಂಡು ಮತ್ತೆ ಅದೇ ದಡಕ್ಕೆ ಬಂದು ಬಡಿಯಿತು. ಎರಡನೇ ಸಲವೂ ಹಾಗೇ. ಸಿಪಾಯಿಗಳಿಗೆ ಭಯ ಹತ್ತಿತು, ಬಂದೂಕು ತೋರಿಸಿ ಗಾಸ್ಟಿಯನ್ನು ಮತ್ತೆ ಹತ್ತಿಸಿದರು. ಅವನು ಮೂವರನ್ನೂ ಈಚೆ ದಡಕ್ಕೆ ತಂದ.

ಕ್ರೆಸಾನ್ಸ್ ದಡದಲ್ಲೇ ನಿಂತಿದ್ದಳು. ಗಂಡ ಚುಕ್ಕಾಣಿ ಹಿಡಿದು ಬರುತ್ತಿರುವುದನ್ನು ಕಂಡಳು. ಕ್ಷಮಿಸಿಬಿಟ್ಟರು ಎಂದುಕೊಂಡು ಮಂಡಿಯವರೆಗೆ ನೀರಿಗಿಳಿದು ಓಡಿ ಬಂದಳು.

"ಬಿಟ್ಬಿಟ್ರಾ? ಬಿಟ್ಬಿಟ್ರಾ ಗಾಸ್ಟಿ?" ಮನೆಯ ಕಡೆ ತಿರುಗಿ ಕೂಗಿದಳು. "ಅತ್ತೇ, ಬಂದ್ರು ನೋಡಿ!"

"ಇಲ್ಲ ಕಣೇ," ಎಂದ ಗಾಸ್ಟಿ. "ಇವ್ನಿಗೆ ದೋಣಿ ಬಿಡಕ್ಕೆ ಬರಲ್ಲ, ಅದಕ್ಕೆ."

ಸಿಪಾಯಿಗಳು ಒಂದು ಸಣ್ಣ ದೋಣಿ ತರಿಸಿ, ತಾವೇ ಹುಟ್ಟು ಹಾಕಿ ಅವನನ್ನು ಆಚೆಗೆ ಬಿಟ್ಟುಬಂದರು. ಹೊರಡುವ ಮೊದಲು ಕ್ರೆಸಾನ್ಸ್ ಒಂದೇ ಮಾತು ಹೇಳಿದಳು. "ಅತ್ತೆ ಹಾಸಿಗೆ ಹಿಡಿದಿದಾರೆ, ನಾ ಬರಕ್ಕಾಗಲ್ಲ. ಮನೆ ಬಿಟ್ರೆ ಮನೇನೂ ಹೋಯ್ತು ಅಂತ್ಲೇ ಲೆಕ್ಕ. ನಾ ಒಲೆ ಆರಿಸಲ್ಲ. ಸಂಜೆ ಹೊಗೆ ಕಾಣ್ತಿದ್ರೆ ನಾ ಇಲ್ಲೇ ಕಾಯ್ತಿದೀನಿ ಅಂತ ತಿಳ್ಕೋ."

ಗಾವಲಿನ ಹುಲ್ಲುಕೊಟ್ಟಿಗೆಯಲ್ಲಿ ಗಾಸ್ಟಿ ಬಿಡಾರ ಹೂಡಿದ. ಓಬರ್‌ಬಾಖಿನವರಿಗೆ ಅವನು ಆಚೆ ಊರಿನವನು, ಫ್ರೆಂಚರವನು. ಅಲ್ಲಿ ಕೂಲಿ ಮಾಡಿದ, ಬುಟ್ಟಿ ಹೆಣೆದ. ದಿನಾ ಸಂಜೆ ದಡಕ್ಕೆ ಬಂದು ಕೂರುತ್ತಿದ್ದ. ಕ್ರೆಸಾನ್ಸ್ ಒಲೆಗೆ ಹಸಿ ಸೌದೆ ತುರುಕಿ, ಕಣ್ಣು ಉರಿಸಿಕೊಂಡು, ದಟ್ಟ ಹೊಗೆ ಎಬ್ಬಿಸುತ್ತಿದ್ದಳು. ಅದು ಕಂಡ ಮೇಲೆ ಅವನು ಹೋಗಿ ಮಲಗುತ್ತಿದ್ದ. ಮನೆಗೆ ಹೋಗಬೇಕು, ಅವಳ ಎದುರು ಕೂತು ಉಣ್ಣಬೇಕು. ಅವನ ಆಸೆಯೆಲ್ಲ ಅಷ್ಟಕ್ಕೇ ಬಂದು ನಿಂತಿತ್ತು. ಅರ್ಜಿಗಳು ಹೋದವು, ಉತ್ತರ ಬರಲಿಲ್ಲ. ತಾಯಿ ಸತ್ತಾಗ ಗಂಟೆಯ ಸದ್ದು ಕೇಳಿ ಆಚೆ ದಡದಲ್ಲೇ ಟೋಪಿ ತೆಗೆದು ನಿಂತ. ಆಗಲಾದರೂ ಕ್ರೆಸಾನ್ಸ್ ಬರಬಹುದಿತ್ತು. ಆದರೆ ಮೊರಾಂಡನ ತಮ್ಮ ಆ ಮನೆಗೆ ಬಾಯಿ ಬಿಡುತ್ತಿದ್ದ, ಅವಳು ಹಟ ಬಿಡಲಿಲ್ಲ.

ವರ್ಷಕ್ಕೊಂದು ಸಲ ಹುಲ್ಲು ಕೊಯ್ಲಿನ ಹತ್ತು ದಿನ ಮಾತ್ರ ಊರಿಗೆ ಊರೇ ಪರವಾನಗಿ ಪಡೆದು ಗಾವಲಿಗೆ ಬರುತ್ತಿತ್ತು. ಆ ಹತ್ತು ದಿನ ಗಂಡಹೆಂಡಿರು ಕೊಟ್ಟಿಗೆಯಲ್ಲಿ ಸಂಸಾರ ಮಾಡುತ್ತಿದ್ದರು. ಊರವರು ಏನೂ ಆಗಿಲ್ಲವೆಂಬಂತೆ ಅವನ ಪಕ್ಕದಲ್ಲೇ ಕುಡುಗೋಲು ಬೀಸುತ್ತಿದ್ದರು. ಮೊರಾಂಡನದಂತೂ ಎಮ್ಮೆಯ ಚರ್ಮ.

"ಏನ್ ಗಾಸ್ಟಿ, ಮೈಕೈ ತುಂಬ್ಕೊಂಡಿದೀಯಲ್ಲ ಮಾರಾಯ! ಆಚೆ ಊಟ ಹಿಡಿಸಿದ ಹಾಗಿದೆ?"

"ಹಿಡಿಸದೆ ಏನು? ಇಲ್ಲಿ ನಿನ್ನ ಹೋಟ್ಲಿಲ್ವಲ್ಲ."

ಎಲ್ಲರೂ ನಕ್ಕರು. ಮೊರಾಂಡನೂ ನಕ್ಕ. ಹತ್ತನೆಯ ದಿನ ಹುಲ್ಲು ದೋಣಿ ಹತ್ತಿತು, ಕ್ರೆಸಾನ್ಸ್ ಹುಲ್ಲಿನ ಮೇಲೆ ಹತ್ತಿದಳು.

ಮುಂದೆ ಆಚೆಯ ಜರ್ಮನ್ ಸರ್ಕಾರಕ್ಕೆ ಯುದ್ಧದ ಹುಚ್ಚು ಹಿಡಿಯಿತು. ಎರಡು ದಡದಲ್ಲೂ ಕಾಂಕ್ರೀಟಿನ ಗುಹೆಗಳೆದ್ದವು, ತೋಪುಗಳು ಬಂದವು, ಹುಲ್ಲು ಕೊಯ್ಲೂ ನಿಂತಿತು. ಉಳಿದದ್ದು ಹೊಗೆಯೊಂದೇ. ಎರಡನೇ ಯುದ್ಧ ಶುರುವಾದ ಸೆಪ್ಟೆಂಬರಿನ ಒಂದು ಸಂಜೆ ಅದೂ ಏಳಲಿಲ್ಲ. ಅವಳಿಗೆ ಜ್ವರವಿರಬೇಕು ಎಂದುಕೊಂಡ. ಪಕ್ಕದ ಮನೆ ನೋಡಿದ, ಅದರ ಪಕ್ಕದ್ದು ನೋಡಿದ. ಇಡೀ ಊರಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಕಟ್ಟಿದ ಹಸುಗಳು ಕೆಚ್ಚಲು ಬಿಗಿದು ಅರಚುವುದು ಮಾತ್ರ ಕೇಳುತ್ತಿತ್ತು. ಗಡಿಯ ಊರುಗಳನ್ನೆಲ್ಲ ಫ್ರೆಂಚ್ ಸರ್ಕಾರ ಒಂದೇ ದಿನದಲ್ಲಿ ರೈಲಿಗೆ ತುಂಬಿ ದೇಶದ ದೂರದ ನೈರುತ್ಯ ಮೂಲೆಗೆ ಸಾಗಿಸಿತ್ತು.

ಮುಂದಿನ ಬೇಸಿಗೆಯಲ್ಲಿ ಜರ್ಮನರು ಹೊಳೆ ದಾಟಿ ಅಲ್ಸಾಸನ್ನು ಮತ್ತೆ ತೆಗೆದುಕೊಂಡರು. "ಬಾ, ನೀನು ನಮ್ಮವನು, ಫ್ರೆಂಚರು ಓಡಿಸಿದವನು, ಮನೆಗೆ ಹೋಗು," ಎಂದರು ಗಾಸ್ಟಿಗೆ. ಇಪ್ಪತ್ತೊಂದು ವರ್ಷದ ಮೇಲೆ ಅವನು ತನ್ನ ಹೊಸಿಲು ತುಳಿದ. ಒಲೆಯಲ್ಲಿ ಇಲಿ ಮರಿ ಹಾಕಿತ್ತು. ಗುಡಿಸಿದ, ಸುಣ್ಣ ಬಳಿದ, ಅವಳ ಲೋಟ ತೊಳೆದಿಟ್ಟ. ಶರತ್ಕಾಲದಲ್ಲಿ ಊರವರು ರೈಲಿನಲ್ಲಿ ವಾಪಸು ಬಂದರು. ಎಲ್ಲರೂ ಇಳಿದ ಮೇಲೂ ಅವನು ಡಬ್ಬಿಗಳ ಒಳಗೆ ಇಣುಕುತ್ತಲೇ ಇದ್ದ. ಕೊನೆಗೆ ಮೊರಾಂಡನ ಹೆಂಡತಿ ತೋಳು ಹಿಡಿದು ನಿಲ್ಲಿಸಿದಳು.

"ಚಳಿಗಾಲದಲ್ಲೇ ಹೋಗ್ಬಿಟ್ಲು ಗಾಸ್ಟಿ, ಎದೆ ಕಟ್ಟಿತ್ತು. ಅಲ್ಲೇ ಮಣ್ಣು ಮಾಡಿದ್ವಿ. ಆ ಊರವರು ನಮ್ಮ ಮಾತು ಕೇಳಿ ನಮ್ಮನ್ನ ಜರ್ಮನ್ ಹಂದಿಗಳು ಅಂತಿದ್ರು. ಮಣ್ಣಿಗೂ ಯಾರೂ ಬರ್ಲಿಲ್ಲ. ಕೊನೇಗೂ ಒಲೆ, ಒಲೆ ಅಂತ್ಲೇ ಇದ್ಲು."

ಜರ್ಮನನೆಂದು ಓಡಿಸಿದವನ ಹೆಂಡತಿ, ಫ್ರಾನ್ಸಿನ ನೆಲದಲ್ಲಿ, ಜರ್ಮನಳೆನ್ನಿಸಿಕೊಂಡೇ ಸತ್ತಳು. ಇದಕ್ಕೆ ಗಾಸ್ಟಿ ಅಳಲಿಲ್ಲ. ಮನೆಗೆ ಹೋಗಿ ಒಲೆಗೆ ಹಸಿ ಸೌದೆ ತುರುಕಿ ಕಣ್ಣು ಉರಿಸಿಕೊಂಡ.

ಹೊಸ ದೊರೆಗಳು ಅವನಿಗೆ ಊರ ಮುಖಂಡನ ಪಟ್ಟ ಕೊಡಲು ಬಂದರು. ಸೊಂಟ ನೋವು ಎಂದ. ಪಟ್ಟ ಮೊರಾಂಡನಿಗೆ ಹೋಯಿತು. ಗೋಡೆಯ ಮೇಲೆ ಹೊಸ ಪಟ ಬಂತು, ತೋಳಿಗೆ ಪಟ್ಟಿ ಬಂತು, ನಮ್ಮೂರ ಹುಡುಗರನ್ನು ಜರ್ಮನ್ ದಂಡಿಗೆ ಸೇರಿಸಿ ರಷ್ಯಾಕ್ಕೆ ಅಟ್ಟುವಾಗ ಮನೆ ತೋರಿಸಿದವನೂ ಅವನೇ.

ಫ್ರೆಂಚರು ಮರಳಿ ಬಂದಾಗ ಅದೇ ಶಾಲೆ, ಅದೇ ಮೇಜು. ಈ ಸಲ ಕಟಕಟೆ ಹತ್ತಿದವನು ಮೊರಾಂಡ್. ಮಾತು ತಿರುಗಿಸಲು ಪಟ್ಟಣದಿಂದ ಒಬ್ಬ ಹುಡುಗಿ ಬಂದಿದ್ದಳು. ಸಾಕ್ಷಿ ಹೇಳಲು ಊರು ಬಾಯಿ ಬಿಡಲಿಲ್ಲ, ಕೈಯೆತ್ತಿ ಸಲಾಮು ಹೊಡೆಯದವರು ಯಾರೂ ಇರಲಿಲ್ಲವಲ್ಲ. ಕೊನೆಗೆ ಗಾಸ್ಟಿಯನ್ನು ಕರೆದರು. ಅವನ ಮುಂದೆ ಎಪ್ಪತ್ತರ ಮೊರಾಂಡ್ ನಿಂತಿದ್ದ.

"ಇವನನ್ನು ಹೊಳೆ ಆಚೆ ಕಳಿಸೋದೇ ಸರಿ ಅಂತಿದಾರೆ ಸಾಹೇಬ್ರು," ಎಂದಳು ಹುಡುಗಿ. "ನೀವೇನಂತೀರಿ, ತಾತ?"

ಗಾಸ್ಟಿ ಮೊರಾಂಡನನ್ನು ಮೇಲಿನಿಂದ ಕೆಳಗೆ ನೋಡಿದ.

"ಬೇಡ," ಎಂದ. "ಆಚೆ ಇರೋದು ನಮ್ಮೂರ ಗಾವಲು. ನಾನು ಹುಟ್ಟಿದ ಜಾಗ, ನನ್ನ ಹೆಂಡ್ತಿ ವರ್ಷಕ್ಕೆ ಹತ್ತು ದಿನ ನನ್ ಜೊತೆ ಸಂಸಾರ ಮಾಡಿದ ಜಾಗ. ಅಲ್ಲಿ ಇವನನ್ನ ಬಿಟ್ಟು ಹೊಲಸು ಮಾಡ್ಬೇಡಿ."

ಹುಡುಗಿ ಅದನ್ನು ಒಂದಕ್ಷರ ಬಿಡದೆ ತಿರುಗಿಸಿದಳು. ಅಧಿಕಾರಿ ನಕ್ಕುಬಿಟ್ಟ. ಮೊರಾಂಡನಿಗೆ ಆರು ತಿಂಗಳು ಹೋಟೆಲು ಮುಚ್ಚುವ ಶಿಕ್ಷೆಯಾಯಿತು, ಅಷ್ಟೇ. ಆಮೇಲೆ ಅಧಿಕಾರಿ ಗಾಸ್ಟಿಯ ಕಡೆ ತಿರುಗಿ, ಅವನು ಹೇಳಿದ್ದನ್ನೇ ಹಿಡಿದು ಕೇಳಿದ: ಆಚೆ ಹುಟ್ಟಿದ್ದಾ? ಇಲ್ಲಿಗೆ ಬಂದದ್ದು ಯಾವಾಗ? ಜರ್ಮನರ ಜೊತೆಗೆ ಒಳಗೆ ಬಂದವರೆಲ್ಲ ಹೊರಗೆ ಹೋಗಬೇಕೆಂಬ ಕಟ್ಟಳೆಯಿತ್ತು. ಹುಡುಗಿ ಅದನ್ನು ತಿರುಗಿಸಿ ಮುಗಿಸುವ ಮೊದಲೇ ಗಾಸ್ಟಿ ಕಾಲಬಳಿ ಇಟ್ಟುಕೊಂಡಿದ್ದ ಚೀಲ ಎತ್ತಿಕೊಂಡ. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ.

ಕಡವಿನ ಹಗ್ಗ ಯುದ್ಧದಲ್ಲಿ ತುಂಡಾಗಿತ್ತು. ಸಿಪಾಯಿಗಳ ಮೋಟಾರು ದೋಣಿ ಕಾಯುತ್ತಿತ್ತು. ಮೊರಾಂಡ್ ಏದುಸಿರು ಬಿಡುತ್ತ ದಡಕ್ಕೆ ಬಂದ.

"ಗಾಸ್ಟಿ... ಮನೆ ನಾನು ನೋಡ್ಕೋತೀನಿ ಕಣೋ."

"ನೋಡ್ಕೊಳ್ಳೋದು ಬೇಡ. ಒಲೆ ಹಚ್ಚು. ದಿನಾ ಸಂಜೆ, ನೀನೇ. ನಂಗೆ ಹೊಗೆ ಕಾಣ್ಬೇಕು. ಒಂದು ಸಂಜೆ ತಪ್ಪಿದ್ರೂ ಮೊದಲ್ನೇ ಸಲ ನನ್ನ ಓಡಿಸ್ದಾಗ ನೀನು ಏನು ತಿರುಗಿಸಿ ಹೇಳ್ದೆ ಅಂತ ಈ ಹುಡುಗಿಗೆ ಕಾಗದ ಬರೀತೀನಿ."

ಮೊರಾಂಡ್ ಹಚ್ಚಿದ. ಭಯಕ್ಕೋ, ಬೇರೆ ಯಾವುದಕ್ಕೋ. ಮಳೆಯಲ್ಲಿ, ಹಿಮದಲ್ಲಿ, ಮಂಡಿ ಹಿಡಿದುಕೊಂಡು ಪಕ್ಕದ ಖಾಲಿ ಮನೆಗೆ ಹೋಗಿ ಕೆಮ್ಮುತ್ತ ಊದುತ್ತಿದ್ದ. ಆಚೆ ದಡದಲ್ಲಿ ಮೊದಮೊದಲು ಒಂದು ಸಣ್ಣ ಆಕಾರ ಕೂತಿರುವುದು ನಮಗೆ ಕಾಣುತ್ತಿತ್ತು. ಆಮೇಲೆ ಮಂಜು ಬಿತ್ತು. ಅವನ ಸುದ್ದಿ ತರುವವರಿರಲಿಲ್ಲ, ಹೊಳೆಗೆ ಕಾವಲಿತ್ತು.

ಎಷ್ಟೋ ಕಾಲದ ಮೇಲೆ ಹುಲ್ಲು ಕೊಯ್ಲಿಗೆ ಮತ್ತೆ ಅಪ್ಪಣೆಯಾಯಿತು. ಹೋದವರು ಕೊಟ್ಟಿಗೆ ಖಾಲಿ ಇರುವುದನ್ನು ಕಂಡರು. ಗಾಸ್ಟಿ ಎರಡು ಚಳಿಗಾಲದ ಹಿಂದೆಯೇ ಸತ್ತಿದ್ದ. ಓಬರ್‌ಬಾಖಿನವರು ಅವನನ್ನು ತಣ್ಣೀರು ಹಾಕಿ ಬದುಕಿಸಿದ ಚರ್ಚಿನ ಪಕ್ಕದಲ್ಲೇ ಹೂತಿದ್ದರು, ಗೋಡೆಯ ಹೊರಗೆ, ಪರಸ್ಥಳದವರ ಸಾಲಿನಲ್ಲಿ.

ಸಂಜೆ ದೋಣಿಯಿಂದ ಇಳಿದವರು ಮೊರಾಂಡನಿಗೆ ಸುದ್ದಿ ಹೇಳಿದರು. ಅವನ ಕಂಕುಳಲ್ಲಿ ಸೌದೆಯಿತ್ತು, ಗಾಸ್ಟಿಯ ಮನೆಯ ಮೆಟ್ಟಿಲ ಮೇಲಿದ್ದ.

"ಎರಡು ಚಳಿಗಾಲ?" ಎಂದ. "ಹಾಗಾದ್ರೆ ಅಷ್ಟೂ ಸೌದೆ ದಂಡ ಆಯ್ತೇನು?"

ನಗಬೇಕೋ ಉಗಿಯಬೇಕೋ ಯಾರಿಗೂ ತಿಳಿಯಲಿಲ್ಲ. ಮೊರಾಂಡ್ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನನ್ನು ಅಲ್ಲಿಂದ ಎಬ್ಬಿಸಲು ಇಬ್ಬರು ಹಿಡಿಯಬೇಕಾಯಿತು.