ಗೇಮ್ ಓಡದ ಲ್ಯಾಪ್‌ಟಾಪ್ ಕೇಳಿದ ಹುಡುಗಿ

ಕೊರೊನಾ ಮುಗಿದು ಕಾಲೇಜುಗಳು ಪೂರ್ತಿ ತೆರೆದ ಮರುವರ್ಷದ ಮಾತು. ನಾನಾಗ ಹೊಸಪೇಟೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಪಾಠ ಮಾಡುವವರು ಬೇರೆ, ಆ ಪಾಠವನ್ನು ಮಕ್ಕಳ ಕೈಯಲ್ಲಿ ಮಾಡಿಸುವವಳು ನಾನು. ಆಗಲೇ ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕೋಣೆ, ನಲವತ್ತು ಕಂಪ್ಯೂಟರು, ಗೋಡೆಗೆ ಒರಗಿದ ಒಂದು ಕಬ್ಬಿಣದ ಬೀರು. ಬೀರುವಿನ ಕೀಲಿ ಸದಾ ನನ್ನ ಸೊಂಟದಲ್ಲಿ. ನಿವೃತ್ತಿಗೆ ಇನ್ನು ಎರಡೇ ವರ್ಷ ಉಳಿದಿತ್ತು.

ನಮ್ಮ ಕಾಲೇಜಿನಲ್ಲಿ ಒಂದು ರೂಢಿ ಬೆಳೆದಿತ್ತು. ಬಿಸಿಎ ಮಕ್ಕಳು ಲ್ಯಾಪ್‌ಟಾಪ್ ಕೊಳ್ಳುವ ಮೊದಲು ನನ್ನ ಹತ್ತಿರ ಬಂದು ಚೀಟಿ ಬರೆಸಿಕೊಳ್ಳಬೇಕು. ಹಳೆಯ ಲ್ಯಾಬ್ ಜರ್ನಲ್‌ನ ಹಾಳೆ ಹರಿದು ಅದರ ಹಿಂಬದಿಯಲ್ಲಿ ನಾನು ಕಾನ್ಫಿಗರೇಷನ್ ಬರೆಯುತ್ತಿದ್ದೆ. ಎಂಥ ಪ್ರೊಸೆಸರ್ ಇರಬೇಕು, ಒಂದೇ ಸಲಕ್ಕೆ ಎಷ್ಟು ಕೆಲಸ ಹಿಡಿದುಕೊಳ್ಳುವ ರ‍್ಯಾಮ್ ಇರಬೇಕು, ಪರದೆ ಎಷ್ಟು ಇಂಚು ಎಂದೆಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯವರು ಆ ಚೀಟಿ ನೋಡಿ ಬೆಲೆ ಇಳಿಸುತ್ತಿದ್ದರು, ಕಂತಿಗೂ ಒಪ್ಪುತ್ತಿದ್ದರು. ನಾನು ಒಂದು ರೂಪಾಯಿ ಕಮಿಷನ್ ಮುಟ್ಟಿದವಳಲ್ಲ. ಆದರೆ "ಮೇಡಂ ಬರೆದ್ರ ಮುಗೀತು" ಎಂದು ಜನ ಅನ್ನುವುದನ್ನು ಕೇಳಿ ಕೇಳಿ ನನಗೆ ಕೊಂಬು ಬಂದಿದ್ದು ನಿಜ. ದುಡ್ಡಿನ ಲಂಚವಾದರೆ ಕೈಗೆ ಗೊತ್ತಾಗುತ್ತದೆ, ಹೊಗಳಿಕೆಯ ಲಂಚ ಯಾರಿಗೂ ಗೊತ್ತಾಗುವುದಿಲ್ಲ.

ಆ ವರ್ಷ ಅಂತಿಮ ಬಿಸಿಎಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಪ್ರವಾಸಿಗರು ಬಂದು ತಂಗುವ ಕಡ್ಡಿರಾಂಪುರದವಳು. ಅಪ್ಪ ಇಲ್ಲ. ತಾಯಿ ಅದೇ ಊರಿನ ಒಂದು ಹೋಂಸ್ಟೇಯಲ್ಲಿ ಅಡುಗೆಗೆ ಹೋಗುತ್ತಿದ್ದರು. ಅಣ್ಣ ಪಂಪಾಪತಿ ಸಂಡೂರಿನ ಗಣಿಯಲ್ಲಿ ಮಷಿನ್ ಆಪರೇಟರ್, ಅಲ್ಲೇ ರೂಮು ಮಾಡಿಕೊಂಡು ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ಹುಲಿಗೆಮ್ಮ ರಜಾದಿನಗಳಲ್ಲಿ ತಾಯಿ ದುಡಿಯುತ್ತಿದ್ದ ಹೋಂಸ್ಟೇಯಲ್ಲೇ ರೂಮು ಗುಡಿಸಿ, ಹಾಸಿಗೆಯ ಚಾದರ ಒಗೆದು ಎರಡು ವರ್ಷ ದುಡ್ಡು ಕೂಡಿಸಿದ್ದಳು. ಸ್ಕಾಲರ್‌ಶಿಪ್ ಸೇರಿ ಇಪ್ಪತ್ನಾಲ್ಕು ಸಾವಿರ ಆಗಿತ್ತು. ಒಂದು ಮಧ್ಯಾಹ್ನ ಲ್ಯಾಬ್ ಖಾಲಿಯಾದ ಮೇಲೆ ಬಂದು ನಿಂತಳು.

"ಮೇಡಂ, ನಂಗೊಂದು ಚೀಟಿ ಬರ್ದು ಕೊಡ್ರಿ. ಸಣ್ಣದು ಇರ್ಲಿ, ಹಗುರ ಇರ್ಲಿ. ಬುತ್ತಿ ಚೀಲದಾಗ ಕುಂದ್ರಬೇಕ್ರಿ."

"ಬುತ್ತಿ ಚೀಲದಾಗ ಯಾಕವ್ವ, ಅನ್ನದ ಜೋಡಿ ಕಲಸಿ ಉಣ್ತೀಯೇನು?" ಎಂದು ನಾನು ನಕ್ಕೆ.

ಅವಳು ನಗಲಿಲ್ಲ. "ಇನ್ನೊಂದ್ ಮಾತ್ರಿ. ಅದ್ರಾಗ ಗೇಮ್ ಓಡಬಾರ್ದು" ಎಂದಳು.

ಇಪ್ಪತ್ತೊಂಬತ್ತು ವರ್ಷದಲ್ಲಿ "ಇದ್ರಾಗ ಗೇಮ್ ಓಡ್ತಾವೇನ್ರಿ" ಎಂದು ಕೇಳಿದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೆ. ಓಡಬಾರದು ಎಂದು ಕೇಳಿದವಳು ಇವಳೊಬ್ಬಳೇ. ಅಲ್ಲಿಯೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಯಾಕೆ ಎಂಬ ಎರಡಕ್ಷರ ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ. ಪಾಪ, ಬಡ ಹುಡುಗಿ, ಸಂಕೋಚಕ್ಕೆ ಕಡಿಮೆಯದನ್ನು ಕೇಳುತ್ತಿದ್ದಾಳೆ, ಯಂತ್ರದ ತಿಳಿವಳಿಕೆ ಸಾಲದು ಎಂದುಕೊಂಡೆ. ಅವಳ ಮೇಲೆ ಮಮತೆ ಉಕ್ಕಿ ಬಂತು. ಮಮತೆ ಉಕ್ಕಿದಾಗ ನನಗೆ ಎದುರಿನವರ ಮಾತು ಕೇಳಿಸುವುದೇ ಇಲ್ಲ, ಇದು ನನ್ನ ಹುಟ್ಟುಗುಣ.

ಬರೆದದ್ದು ಹದಿನೈದೂವರೆ ಇಂಚಿನ ಲ್ಯಾಪ್‌ಟಾಪ್. ಹದಿನಾರು ಜಿಬಿ ರ‍್ಯಾಮ್, ಮೇಲೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್. ಈ ಕಾರ್ಡ್ ಮುಖ್ಯವಾಗಿ ವಿಡಿಯೋ ಎಡಿಟಿಂಗಿಗೆ, ಆಟಗಳಿಗೆ ಬೇಕಾಗುವಂಥದ್ದು. ಬಿಸಿಎ ಪ್ರಾಜೆಕ್ಟಿಗೆ ಅದರ ಅಗತ್ಯ ಎಳ್ಳಷ್ಟೂ ಇಲ್ಲ. ಆ ವಾರ ಅಂಗಡಿಯಲ್ಲಿ ಅದಕ್ಕೆ ರಿಯಾಯಿತಿ ಇತ್ತು, ನಲವತ್ತೊಂದು ಸಾವಿರಕ್ಕೆ ಬರುತ್ತಿತ್ತು. "ಇದು ಐದು ವರ್ಷ ಬಾಳ್ತದ. ಉಳಿದದ್ದು ಕಂತು ಮಾಡಿಸ್ತೀನಿ, ಹೋಗು" ಎಂದೆ.

ಸಂಜೆ ಅಂಗಡಿಯಿಂದ ಫೋನ್ ಬಂತು. ಹುಲಿಗೆಮ್ಮನೇ ಮಾತಾಡಿದಳು. "ಮೇಡಂ, ಇಲ್ಲಿ ಹನ್ನೊಂದು ಇಂಚಿಂದು ಒಂದೈತ್ರಿ. ಇಪ್ಪತ್ತೆರಡು ಸಾವಿರ, ಕಂತೇ ಬ್ಯಾಡ. ಅದನ್ನ ತಗೊಳ್ಳಾ?" ಹಿಂದಿನಿಂದ ಅಂಗಡಿಯವರ ದನಿಯೂ ಕೇಳಿಸುತ್ತಿತ್ತು. "ಮೇಡಂ ಬರ್ದಿದ್ದು ಬಿಟ್ಟು ಬ್ಯಾರೆ ಕೊಟ್ರ ನಂಗ ಬೈತಾರವ್ವ."

"ಅದು ಆಟದ ಸಾಮಾನು. ಬರ್ದಿದ್ದು ತಗೋ" ಎಂದು ನಾನು ಫೋನಿಟ್ಟೆ. ಆಗ ಹಾಲು ಒಲೆಯ ಮೇಲಿತ್ತು, ಉಕ್ಕೀತೆಂಬ ಅವಸರ ನನಗೆ.

ಲ್ಯಾಪ್‌ಟಾಪ್ ಬಂತು. ಎರಡು ಕಿಲೋ ಮುನ್ನೂರು ಗ್ರಾಂ, ಇಟ್ಟಿಗೆಯಂಥ ಚಾರ್ಜರ್ ಬೇರೆ. ಆನ್ ಮಾಡಿದರೆ ಕೀಲಿಮಣೆಯ ಕೆಳಗೆ ಕೆಂಪು ದೀಪ ಹತ್ತುತ್ತಿತ್ತು. ತರಗತಿಯ ಹುಡುಗರೆಲ್ಲ ಸುತ್ತುವರಿದು "ಮಸ್ತ್ ಐತಲೇ" ಎಂದರು. ಒಡತಿಯ ಮುಖದಲ್ಲಿ ಮಾತ್ರ ಆ ದೀಪ ಹತ್ತಿರಲಿಲ್ಲ. ಕಡ್ಡಿರಾಂಪುರದ ಬಸ್ಸಿನಲ್ಲಿ ಪ್ರವಾಸಿಗರ ನಡುವೆ ನಿಂತು ಅದನ್ನು ಎದೆಗೆ ಅವಚಿಕೊಂಡು ಓಡಾಡುತ್ತಿದ್ದಳು. ನಾನು ನೋಡಿ ಹೆಮ್ಮೆಪಟ್ಟಿದ್ದೆ.

ಕೆಲಸದಲ್ಲಿ ಮಾತ್ರ ಹುಡುಗಿ ಗಟ್ಟಿ. ತಾಯಿ ದುಡಿಯುವ ಹೋಂಸ್ಟೇಗೆ ರೂಮು ಕಾಯ್ದಿರಿಸುವ ಪ್ರೋಗ್ರಾಂ ಬರೆಯುವುದು ಅವಳ ಪ್ರಾಜೆಕ್ಟ್. ಯಾವ ರೂಮು ಖಾಲಿ, ಯಾರು ಎಷ್ಟು ದಿನ, ಬೆಳಗಿನ ತಿಂಡಿ ಎಷ್ಟು ಮಂದಿಗೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಕಾಣಬೇಕು. ಅದು ಸರಿಯಾಗಿ ನಡೆದರೆ ಸೀಸನ್ನಿನಿಂದ ಅವಳನ್ನೇ ಸಂಬಳಕ್ಕೆ ಇಟ್ಟುಕೊಳ್ಳುವುದಾಗಿ ಮಾಲೀಕರು ಹೇಳಿದ್ದರು. ಚಾದರ ಒಗೆಯುವ ಮನೆಯಲ್ಲೇ ಕುರ್ಚಿಯ ಮೇಲೆ ಕೂರುವ ಅವಕಾಶ ಅದು. ಪದವಿ, ಕೆಲಸ ಎರಡೂ ಆ ಒಂದು ಪ್ರೋಗ್ರಾಮಿನ ಮೇಲೆ ನಿಂತಿದ್ದವು.

ಲ್ಯಾಪ್‌ಟಾಪ್ ಬಂದ ಎರಡನೇ ಶನಿವಾರ ಲ್ಯಾಬ್ ಮುಚ್ಚುವ ಹೊತ್ತಿಗೆ ಹುಲಿಗೆಮ್ಮ ಬಂದಳು.

"ಮೇಡಂ, ಇದನ್ನ ಬೀರುವಿನಾಗ ಇಟ್ಟು ಹೋಗ್ಲಾ? ಇವತ್ತು ಇಟ್ಟು ಸೋಮವಾರ ಮುಂಜಾನೆ ಒಯ್ತೀನ್ರಿ. ವಾರಾ ವಾರಾ ಅಷ್ಟೇ."

"ಯಾಕ, ಮನ್ಯಾಗ ಜಾಗ ಇಲ್ಲೇನು?"

"ಭಾನುವಾರ ಮನ್ಯಾಗ ಸರಿ ಆಗಂಗಿಲ್ರಿ."

ಕಾಲೇಜಿನ ನಿಯಮದ ಪ್ರಕಾರ ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ವಸ್ತುವನ್ನು ಲ್ಯಾಬಿನಲ್ಲಿ ಇಡುವಂತಿಲ್ಲ. ಆ ರಿಜಿಸ್ಟರ್ ತೆಗೆದು ತೋರಿಸಿದೆ. "ನಾಳೆ ಕಳೆದ್ರ ನನ್ನ ತಲಿಮ್ಯಾಲ ಬರ್ತದ. ನಿನ್ನ ವಸ್ತು ನೀನೇ ಜ್ವಾಕಿ ಮಾಡ್ಕೋ" ಎಂದೆ. ಪ್ರಿನ್ಸಿಪಾಲರನ್ನು ಒಂದು ಮಾತು ಕೇಳಿದ್ದರೆ ಖಂಡಿತ ಒಪ್ಪುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಆ ಲ್ಯಾಬಿನ ಪೂಜಾರಿ ನಾನು. ಹುಲಿಗೆಮ್ಮ "ಆತ್ರಿ" ಎಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೋದಳು, ಮತ್ತೆ ಕೇಳಲಿಲ್ಲ.

ವೈವಾಕ್ಕೆ, ಅಂದರೆ ಹೊರಗಿನ ಪರೀಕ್ಷಕರ ಮುಂದೆ ಪ್ರಾಜೆಕ್ಟ್ ನಡೆಸಿ ತೋರಿಸುವ ದಿನಕ್ಕೆ, ಹನ್ನೆರಡು ದಿನ ಇದ್ದಾಗ ಅವಳು ಕಾಲೇಜಿಗೆ ಬರಲಿಲ್ಲ. ಸೋಮವಾರ ಇಲ್ಲ, ಮಂಗಳವಾರವೂ ಇಲ್ಲ. ಬುಧವಾರ ಬಂದಳು, ಹೆಗಲು ಖಾಲಿ. ಕೇಳಿದ್ದಕ್ಕೆ ಆಗ ಹೇಳಿದಳು. ಅವರ ಮನೆಗೆ ಒಳ್ಳೆಯ ವಸ್ತು ಯಾವುದು ಬಂದರೂ ಅದು ಅಣ್ಣನದಾಗುತ್ತದೆ. ಅವಳ ಫೋನ್ ಹಾಗೇ ಹೋಗಿತ್ತು, ಅದಕ್ಕೂ ಮೊದಲು ಅವಳ ಸೈಕಲ್. ಅವನಿಗೆ ಗೇಮಿನ ಹುಚ್ಚು. ಅದಕ್ಕೇ ಸಣ್ಣದು, ಮಂಕಾದದ್ದು, ಅವನು ಕಣ್ಣೆತ್ತಿಯೂ ನೋಡದಂಥದ್ದು ಬೇಕಿತ್ತು. ಇಷ್ಟು ವಾರ ಜೋಳದ ಡಬ್ಬಿಯ ಹಿಂದೆ, ತಾಯಿಯ ಸೀರೆಗಳ ನಡುವೆ ಅಡಗಿಸಿ ಅಡಗಿಸಿ, ಕಡೆಗೆ ಈ ಭಾನುವಾರ ಅವನ ಕೈಗೆ ಸಿಕ್ಕಿತು. ಒಂದು ವಾರಕ್ಕೆ ಎಂದು ಸಂಡೂರಿಗೆ ಒಯ್ದಿದ್ದ.

"ಮೊದ್ಲೇ ಯಾಕ ಹೇಳ್ಲಿಲ್ಲಲೇ?" ಎಂದು ಗದರಿದೆ.

"ಮನಿ ಮಾತು ಹೆಂಗ್ ಹೇಳ್ಲಿ ಮೇಡಂ? ಆದ್ರೂ ಹೇಳಿದ್ನಲ್ರಿ, ಗೇಮ್ ಓಡಬಾರ್ದು ಅಂತ."

ಮರುದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಸಂಡೂರಿನ ಬಸ್ಸು ಹತ್ತಿದೆ. ಲಾರಿಗಳ ಹಿಂದೆ ಕೆಂಪು ದೂಳು ಕುಡಿಯುತ್ತ ಹೋದೆವು. ದಾರಿಯುದ್ದಕ್ಕೂ ಪಂಪಾಪತಿಗೆ ಹೇಗೆ ಬೈಯಬೇಕೆಂದು ಮನಸ್ಸಿನಲ್ಲೇ ಮಸೆದುಕೊಂಡಿದ್ದೆ. ರಾತ್ರಿ ಪಾಳಿ ಮುಗಿಸಿ ರೂಮಿನಲ್ಲೇ ಇದ್ದ ಅವನು ಬೈಸಿಕೊಳ್ಳುವ ಹಾಗೆ ಇರಲಿಲ್ಲ. ಎದ್ದು ನಿಂತು ಕೈಮುಗಿದ, ಚಾಪೆ ಕೊಡವಿ ಹಾಸಿದ.

"ಬರ್ರಿ ಮೇಡಂ, ಕುಂದ್ರಿ. ಚಾ ತರಿಸ್ಲಾ? ಲ್ಯಾಪ್‌ಟಾಪ್ ನೀವೇ ಆರಿಸಿದ್ದಂತಲ್ರಿ. ಭಾಳ ಚಲೋ ಐತಿ. ಯಾವ ಗೇಮ್ ಹಾಕಿದ್ರೂ ಓಡ್ತೈತ್ರಿ."

ಈ ಮಾತನ್ನು ಅವನು ಮೆಚ್ಚಿಯೇ ಆಡಿದ. ಅಷ್ಟು ವರ್ಷ ಕೇಳಿ ಹಿಗ್ಗಿದ ಹೊಗಳಿಕೆಗಳನ್ನೆಲ್ಲ ಅವನೊಬ್ಬ ಬಡ್ಡಿ ಸಮೇತ ತೀರಿಸಿದ. ತಂಗಿ ಕೇಳಿದ್ದೇ ತಡ ಲ್ಯಾಪ್‌ಟಾಪ್ ತಂದುಕೊಟ್ಟ. "ಓದೋಕ ಬೇಕಂತ ಹೇಳಬೇಕಿಲ್ಲೇನಬೇ, ನಾ ಬ್ಯಾಡ ಅಂತಿದ್ನೇನು?" ಎಂದ. ಹುಲಿಗೆಮ್ಮ ಅಲ್ಲೇ ಚಾಪೆಯ ಮೇಲೆ ಕೂತು ಆನ್ ಮಾಡಿದಳು. ಕೆಂಪು ದೀಪ ಹತ್ತಿತು, ಪರದೆಯಲ್ಲಿ ಬರೀ ಗೇಮುಗಳು, ಅವಳ ಪ್ರಾಜೆಕ್ಟ್ ಎಲ್ಲೂ ಇಲ್ಲ. ಗೇಮಿಗೆ ಜಾಗ ಸಾಲದೆಂದು ಅವನ ಗೆಳೆಯನೊಬ್ಬ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಸಿದ್ದ.

ಬೇರೆ ಕಡೆ ಪ್ರತಿ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ವೈರಸ್ ಭಯಕ್ಕೆ ಲ್ಯಾಬಿನ ಕಂಪ್ಯೂಟರುಗಳಿಗೆ ಪೆನ್‌ಡ್ರೈವ್ ಹಾಕಬಾರದೆಂದು ಬೋರ್ಡ್ ಬರೆಸಿದ್ದವಳು ನಾನೇ. ಇಂಟರ್‌ನೆಟ್‌ಗೆ ಏರಿಸಿಡೋಣವೆಂದರೆ ಅವಳ ಒಳ್ಳೆಯ ಫೋನು ಅಣ್ಣನ ಜೇಬಿನಲ್ಲಿತ್ತು. ಇದ್ದ ಒಂದೇ ಪೆನ್‌ಡ್ರೈವ್ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇತ್ತು, ಅದಕ್ಕೆ ಸಿನಿಮಾ ತುಂಬಿಸಿದ್ದರು. ವಾಪಸು ಬರುವ ಬಸ್ಸಿನಲ್ಲಿ ಹುಡುಗಿ ಅಳಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು.

ಉಳಿದ ದಿನಗಳಲ್ಲಿ ಇಬ್ಬರೂ ಕೂತು ಮೊದಲಿಂದ ಬರೆದೆವು. ನಾಲ್ಕು ತಿಂಗಳ ಕೆಲಸ ಒಂಬತ್ತು ದಿನಕ್ಕೆ ಮುಗಿಯುವಂಥದ್ದಲ್ಲ. ವೈವಾದ ದಿನ ಪ್ರೋಗ್ರಾಂ ಮೊದಲ ಪರದೆ ದಾಟಿ ನಿಂತುಬಿಟ್ಟಿತು. ಪರೀಕ್ಷಕರ ಹತ್ತಿರ ನಡೆದದ್ದನ್ನೆಲ್ಲ ಹೇಳಿಕೊಂಡೆ. ಸಾವಕಾಶವಾಗಿ ಕೇಳಿಸಿಕೊಂಡರು. "ಮೇಡಂ, ಪ್ರೋಗ್ರಾಂ ಮುಂದಕ್ಕ ಹೋಗದೆ ನಾನು ಯಾತಕ್ಕ ಮಾರ್ಕ್ಸ್ ಕೊಡ್ಲಿ?" ಎಂದರು. ಅವರದು ತಪ್ಪಲ್ಲ. ಹುಲಿಗೆಮ್ಮ ಪ್ರಾಜೆಕ್ಟಿನಲ್ಲಿ ಫೇಲಾದಳು. ಸೀಸನ್ ಹತ್ತಿರ ಬಂದದ್ದರಿಂದ ಹೋಂಸ್ಟೇ ಮಾಲೀಕರು ಎಲ್ಲಿಂದಲೋ ಸಿದ್ಧ ಪ್ರೋಗ್ರಾಂ ತರಿಸಿದರು, ಅದರ ಜೊತೆಗೆ ಒಬ್ಬ ಹುಡುಗನನ್ನೂ. ಲ್ಯಾಪ್‌ಟಾಪ್ ಮತ್ತೆ ಸಂಡೂರಿಗೆ ಹೋಯಿತು, ಈ ಸಲ ಕೇಳುವವರೇ ಇರಲಿಲ್ಲ. ಕಂತು ಮಾತ್ರ ಹುಲಿಗೆಮ್ಮನ ಹೆಸರಿನಲ್ಲಿತ್ತು. ಮರುಪರೀಕ್ಷೆಗೆ ಅವಳು ಫೀಸು ಕಟ್ಟಲಿಲ್ಲ, ಕಾಲೇಜಿಗೂ ಬರಲಿಲ್ಲ.

ನಿವೃತ್ತಿಯ ದಿನ ಚಾರ್ಜ್ ಒಪ್ಪಿಸುವಾಗ ಹೊಸ ಇನ್‌ಸ್ಟ್ರಕ್ಟರ್ ಎದುರಿಗೆ ಬೀರು ತೆರೆದು ಪಟ್ಟಿ ಮಾಡಬೇಕಾಯಿತು. ಗುಂಡು ಬಿದ್ದುಹೋದ ಹಳೆಯ ಮೌಸುಗಳು, ಅಕ್ಷರ ಅಳಿಸಿದ ಕೀಬೋರ್ಡು, ಎರಡು ಡಬ್ಬಿ ಫ್ಲಾಪಿ, ಯಾವುದೋ ಆಯುಧಪೂಜೆಯ ಕುಂಕುಮದ ಪೊಟ್ಟಣ. ಐದು ಖಾನೆಗಳಲ್ಲಿ ಮೂರು ಪೂರ್ತಿ ಖಾಲಿ. ಇದನ್ನೇ ನಾನು ಮೂವತ್ತೊಂದು ವರ್ಷ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯ್ದದ್ದು. ಪಟ್ಟಿಗೆ ಸಹಿ ಹಾಕಿ ಕೀಲಿ ಕೊಟ್ಟು ಮನೆಗೆ ಬಂದೆ.

ಹೋದ ವರ್ಷ ಸಂಬಂಧಿಕರ ಮದುವೆಗೆಂದು ಕಂಪ್ಲಿಗೆ ಹೋದಾಗ ಆಧಾರ್ ಜೆರಾಕ್ಸ್ ಬೇಕಾಗಿ ಒಂದು ಆನ್‌ಲೈನ್ ಸೆಂಟರಿನ ಮೆಟ್ಟಿಲು ಹತ್ತಿದೆ. ಒಳಗೆ ಕೂತಿದ್ದವಳು ಹುಲಿಗೆಮ್ಮ. ಚಿಕ್ಕಮ್ಮನ ಮನೆಯಲ್ಲಿದ್ದು ಅಲ್ಲಿ ಕೆಲಸ ಮಾಡುತ್ತಿದ್ದಳು. ರೈತರ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು. ನನ್ನನ್ನು ಕಂಡು ಎದ್ದು ನಿಂತಳು, ಕುರ್ಚಿ ಕೊಟ್ಟಳು, ಜೆರಾಕ್ಸಿನ ದುಡ್ಡು ಬೇಡವೆಂದಳು. ಕಂತು ಆ ತಿಂಗಳೇ ಮುಗಿದಿದೆಯಂತೆ.

ನನಗೆ ತಡೆಯಲಾಗಲಿಲ್ಲ. "ಹುಲಿಗೆಮ್ಮ, ತಪ್ಪು ನಂದವ್ವ. ಈಗಾದ್ರೂ ಪ್ರಾಜೆಕ್ಟ್ ಕಟ್ಟು. ಫೀಸು ನಾ ಕೊಡ್ತೀನಿ. ಲ್ಯಾಪ್‌ಟಾಪೂ ಕೊಡಿಸ್ತೀನಿ, ನಿಂಗ ಬೇಕಾದ್ದು, ಸಣ್ಣದು" ಎಂದೆ.

ಅವಳು ಜೆರಾಕ್ಸ್ ಹಾಳೆಗಳನ್ನು ಸರಿಯಾಗಿ ಜೋಡಿಸಿ, ಪಿನ್ ಹೊಡೆದು ನನ್ನ ಕೈಗಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಭಾಳ ಕೊಡ್ತೀರಿ ಮೇಡಂ. ಆಗ ನಾ ಕೇಳಿದ್ದು ಬೀರುವಿನಾಗ ಒಂದು ಖಾನೆ, ಭಾನುವಾರ ಒಂದಿನ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಈಗಲೂ ಓಣಿಯ ಮಕ್ಕಳು ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಮನೆಗೆ ಬರುತ್ತಾರೆ. ಮೊದಲು ರ‍್ಯಾಮ್ ಎಷ್ಟು ಬೇಕೆಂದು ಕೇಳುತ್ತಿದ್ದೆ. ಈಗ ಎಲ್ಲಿ ಇಡುತ್ತೀಯ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳುತ್ತೇನೆ. ಗಂಡುಹುಡುಗರು ಈ ಪ್ರಶ್ನೆಗೆ ನಗುತ್ತಾರೆ. ಹುಡುಗಿಯರಲ್ಲಿ ಕೆಲವರು ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡುತ್ತಾರೆ. ಮೂವತ್ತೊಂದು ವರ್ಷ ಅವರು ಹಾಗೆ ನೋಡುತ್ತಲೇ ಇದ್ದಿರಬೇಕು. ನಾನು ತಲೆ ಬಗ್ಗಿಸಿ ಚೀಟಿ ಬರೆಯುತ್ತಿದ್ದೆ.