ಅಜ್ಜನ ತಾಟಿಗೊಂದು ಟೀಪಾಯಿ

ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ಮೇಜು ಅಂತ ಇದ್ದದ್ದು ಶಾಲೆಯ ಮಾಸ್ತರರ ಮುಂದೆ ಮಾತ್ರ. ಉಳಿದವರೆಲ್ಲ ನೆಲದ ಮೇಲೆ ಹುಟ್ಟಿ, ನೆಲದ ಮೇಲೆ ಉಂಡು, ನೆಲದ ಮೇಲೇ ಮಲಗುತ್ತಿದ್ದೆವು.

ಒಂದು ವರ್ಷ ಬೇಸಿಗೆಯಲ್ಲಿ ಲಕ್ಕಲಕಟ್ಟಿಯ ಹಾದಿಯಲ್ಲಿ ಚಕ್ಕಡಿ ಮಗುಚಿ ನಮ್ಮಜ್ಜನ ತೊಡೆಯ ಎಲುಬು ಮುರಿಯಿತು. ಪುರ್ತಗೇರಿಯಿಂದ ಬಂದ ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು, ಕಾಲು ಮಡಚಲಿಲ್ಲ. ಅಜ್ಜ ನೆಲಕ್ಕೆ ಕೂಡುವಂತಿಲ್ಲ, ಬಗ್ಗುವಂತಿಲ್ಲ. ಪಡಸಾಲೆಯ ಕಟ್ಟೆಯ ಅಂಚಿಗೆ ಕಾಲು ಚಾಚಿ ಕುಂತಿರಬೇಕು. ಅಲ್ಲಿಯತನಕ ನೆಲಕ್ಕೆ ಕುಂತು, ಗೇಣೆತ್ತರದ ಅಡ್ಡಣಿಗೆಯ ಮೇಲೆ ತಾಟು ಇಟ್ಟುಕೊಂಡು ಉಂಡ ಮನುಷ್ಯ. ತಾಟು ಕೈಗೆ ಕೊಟ್ಟರೆ ದೂಡಿಬಿಡುತ್ತಿದ್ದ.

"ಕೈಯಾಗ ಹಿಡಕೊಂಡು ಉಣ್ಣಾಕ ನಾ ಏನ್ ಭಿಕ್ಷಾಕ ಬಂದೇನೇನು?"

ಲೋಟದಲ್ಲಿ ಅಂಬಲಿ ಕುಡಿಯುತ್ತಿದ್ದ, ಅಷ್ಟೇ. ರೊಟ್ಟಿ ಬೇಯುವ ವಾಸನೆ ಬಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಕುತ್ತಿಗೆ ಕಡ್ಡಿಯಾಯಿತು. "ಹಿಂಗಾದ್ರ ಮಾವಾರು ಪಂಚಮಿ ತನಕಾ ಉಳ್ಯಂಗಿಲ್ರಿ" ಎಂದು ಅವ್ವ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಅಪ್ಪ ರೋಣದಲ್ಲಿ ಯಾರೋ ಸಾಹೇಬರ ಬಂಗಲೆಯಲ್ಲಿ ಚಹಾ ಇಡುವ ಟೀಪಾಯಿ ನೋಡಿ ಬಂದಿದ್ದ. ಅಂಥದ್ದನ್ನೇ ಮಾಡುತ್ತೇನೆ ಅಂದ. ಬಿತ್ತಿಗೆಯ ಹೊತ್ತು, ಊರ ಬಡಿಗೇರನಿಗೆ ಕೂರಿಗೆ ಕುಂಟೆ ಬಿಟ್ಟು ತಲೆ ಎತ್ತಲು ಬಿಡುವಿರಲಿಲ್ಲ. ಗರಗಸ, ಉಳಿ ಕೊಟ್ಟು ಕಳಿಸಿದ. ಒಂದು ಮೊಳೆ ನೆಟ್ಟಗೆ ಹೊಡೆದು ಗೊತ್ತಿಲ್ಲದ ಅಪ್ಪ ಅಂಗಳದಲ್ಲಿ ಕುಂತ.

"ಸಾಯೋ ಕಾಲಕ್ಕ ನನ್ನ ಸಾಹೇಬನ್ನ ಮಾಡ್ತೀ ಏನಲೇ?" ಅಂದ ಅಜ್ಜ.

"ನೀ ಮೊದಲ ಉಣ್ಣು. ಆಮ್ಯಾಲ ಏನ್ ಬೇಕಾದ್ರ ಆಗು."

ಮುರಿದ ಚಕ್ಕಡಿಯದೇ ಹಲಗೆ. ಗೊಬ್ಬರ ಹೊತ್ತು ಹೊತ್ತು ಕರ್ರಗಾದ ಜಾಲಿ ಕಟ್ಟಿಗೆ. ಗರಗಸ ಇಳಿದಂತೆ ಒಳಗೆ ಕೆಂಪು ತೆರೆಯಿತು, ಕುಂಕುಮದಂಥ ಕೆಂಪು. ಒಗರು ವಾಸನೆ ಅಂಗಳ ತುಂಬ. ಅದರ ಮೇಲೆ ಕುಂತು ಹೊಲಕ್ಕೆ ಹೋಗಿ ಬಂದವಳು ನಾನು, ಆ ಹಲಗೆ ಹೊಟ್ಟೆಯಲ್ಲಿ ಇಂಥ ಬಣ್ಣ ಇಟ್ಟುಕೊಂಡಿದೆ ಅಂತ ಗೊತ್ತೇ ಇರಲಿಲ್ಲ. ಉದುರಿದ ಪುಡಿಯನ್ನು ಕಲಸಿ ರೊಟ್ಟಿ ಬಡಿಯುವ ಆಟ ಆಡಬೇಕಾದವಳು, ಮುಟ್ಟದೆ ನೋಡುತ್ತ ಕುಂತೆ.

ಟೀಪಾಯಿ ಆಯಿತು. ಒಳಗೆ ತಂದು ಅಜ್ಜನ ಮುಂದೆ ಇಟ್ಟರೆ ಕುಂಟಿತು. ಅಪ್ಪ ಒಂದು ಕಾಲು ಕೊಯ್ದ. ಈ ಕಡೆ ವಾಲಿತು. ಇನ್ನೊಂದು ಕೊಯ್ದ. ಆ ಕಡೆ ವಾಲಿತು. ಕೊಯ್ದಷ್ಟೂ ಗಿಡ್ಡವಾಗುತ್ತಿತ್ತು. ಇನ್ನೊಮ್ಮೆ ಗರಗಸ ಹಾಕಿದರೆ ಅಜ್ಜನ ಕೈಗೆ ಎಟುಕುವುದಿಲ್ಲ, ಬೇರೆ ಕಟ್ಟಿಗೆಯೂ ಇಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡ.

ಅವ್ವ ಒಲೆಯ ಮುಂದಿಂದ ಎದ್ದು ಬಂದಳು.

"ಗರಗಸ ಕೆಳಗಿಡ್ರಿ."

"ಕಾಲ ಸಮಾ ಇಲ್ಲಲ್ಲೇ!"

"ಕಾಲಿನ ಮಾತ ಬಿಡ್ರಿ. ನೆಲಾ ಸಮಾ ಐತೇನು, ನೋಡ್ರಿಲ್ಲೆ."

ಒಂದು ಚಂಬು ನೀರು ಸುರುವಿದಳು. ನೀರು ಹಾವಿನ ಹಾಗೆ ಹೊರಳಿ ಬಾಗಿಲ ಕಡೆ ಓಡಿತು. ದಿನಾ ಸಾರಿಸುವ ನೆಲ, ಹುಟ್ಟಿದಾಗಿನಿಂದ ಅಂಬೆಗಾಲಿಟ್ಟ ನೆಲ ಇಷ್ಟು ಸೊಟ್ಟ ಇತ್ತೇ ಅಂತ ನಾನು ಬಾಯಿ ತೆರೆದೆ.

ಅವ್ವ ಸೀರೆ ಕಚ್ಚೆ ಹಾಕಿದಳು. ನೆಲ ಅಗೆದಳು. ಮಣ್ಣು, ಹೊಟ್ಟು, ಸಗಣಿ ಕೂಡಿಸಿ ತುಳಿದಳು. ಹಸಿ ಮಣ್ಣಿನಲ್ಲಿ ಟೀಪಾಯಿ ಊರಿ, ಮೇಲೆ ತಾಟಿನ ತುಂಬ ನೀರಿಟ್ಟಳು. ನೀರು ಯಾವ ಅಂಚಿಗೆ ಸರಿದರೆ ಆ ಕಾಲಿನ ಬುಡಕ್ಕೆ ಮಣ್ಣು ಒತ್ತುವುದು. ಅಜ್ಜ ಒಂದು ಕಣ್ಣು ತೆರೆದು ನೋಡಿದ.

"ಏನವಾ, ದೇವರ ಕುಂದರಸಾಕತ್ತೀ ಏನು?"

"ಹೌದ್ರಿ ಮಾವಾರ. ಪ್ರಸಾದ ನೀವ ಉಣಬೇಕ ಮತ್ತ."

ಮಣ್ಣು ಒಣಗಿದ ಮೇಲೆ ಅವ್ವ ರೊಟ್ಟಿ, ಪುಂಡಿಪಲ್ಲೆ, ಅಂಚಿನತನಕ ತುಂಬಿದ ಮಜ್ಜಿಗೆಯ ಲೋಟ ತಂದಿಟ್ಟಳು. ಒಂದು ಹನಿ ಅಲುಗಲಿಲ್ಲ. ಅಜ್ಜ ಅಂಗೈ ಊರಿ ಮೈಭಾರ ಹಾಕಿ ನೋಡಿದ. ಟೀಪಾಯಿ ಮಿಸುಕಲಿಲ್ಲ. ಅಜ್ಜ ರೊಟ್ಟಿ ಮುರಿದ. ನಿಧಾನ ಅಗಿದ, ನುಂಗಿದ.

"ಪಲ್ಲ್ಯಾಕ ಉಪ್ಪ ಕಡಿಮಿ ಆಗೇತಿ."

ಅವ್ವ ಉಪ್ಪು ತರಲು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ನಾನು ಆಣೆಕಟ್ಟು ನೋಡಿದೆ, ವಿಮಾನ ನೋಡಿದೆ. ಅವತ್ತಿನಷ್ಟು ಬೆರಗು ಯಾವುದಕ್ಕೂ ಆಗಲಿಲ್ಲ.

ಅಜ್ಜ ನನ್ನ ಮದುವೆ ನೋಡಿಯೇ ಸತ್ತ. ಮುಂದೆ ನನ್ನ ತಮ್ಮ ಮನೆಯ ನೆಲಕ್ಕೆ ಪರಸಿಕಲ್ಲಿನ ಚಪ್ಪಡಿ ಹಾಸಿಸಿದ. ಕಲ್ಲಿನ ಮೇಲೆ ಟೀಪಾಯಿ ಎಲ್ಲಿಟ್ಟರೂ ಕುಂಟಿತು. ನಾಲ್ಕು ಕಾಲು ನಾಲ್ಕು ಅಳತೆ, ಆ ಒಂದು ಜಾಗ ಬಿಟ್ಟು ಮತ್ತೆಲ್ಲೂ ನಿಲ್ಲುವ ಸಾಮಾನಲ್ಲ ಅದು. ನೀರೊಲೆಗೆ ಹಾಕಿದರು. ತವರಿಗೆ ಬಂದಿದ್ದ ನಾನು ಅದರಿಂದ ಕಾದ ನೀರಲ್ಲೇ ಮೈ ತೊಳೆದುಕೊಂಡೆ. ಅಳಲಿಲ್ಲ, ಕಟ್ಟಿಗೆ ಉರಿಯಲಿಕ್ಕೇ ಇರುವುದು.

ಆದರೆ ಒಬ್ಬ ಮನುಷ್ಯ ಉಣ್ಣುತ್ತಿಲ್ಲ ಅಂತ ಮನೆಯ ನೆಲ ಅಗೆದವರನ್ನು ಆಮೇಲೆ ನಾನು ಕಂಡಿಲ್ಲ. ಈಗ ನಾವಿರುವ ಮನೆಯ ನೆಲ ಕನ್ನಡಿಯ ಹಾಗಿದೆ. ಮೊನ್ನೆ ಸಂಜೆ ಊಟ ಬೇಡ ಅಂದೆ. ಮನೆ ಮಂದಿ ಹೂಂ ಅಂದು ತಮ್ಮಷ್ಟಕ್ಕೆ ಉಂಡರು.